ಬ್ಯಾಟರಿ ಹಚ್ಚಿ ಓದಿದ ಅಂಕಿ

ಬೀದರ ಸೀಮೆಯಲ್ಲಿ ಟಾರ್ಚಿಗೆ ಬ್ಯಾಟರಿ ಎನ್ನುತ್ತಾರೆ. ಅದರೊಳಗೆ ಹಾಕುವ ಬ್ಯಾಟರಿಗೆ ಶೆಲ್ ಎನ್ನುತ್ತಾರೆ. ಭಾಲ್ಕಿ ತಾಲ್ಲೂಕಿನ ಸಾಯಗಾಂವದಲ್ಲಿ ಹುಟ್ಟಿದ ನನಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಆದರೆ ಬದುಕಿನ ಬಹುಭಾಗವನ್ನು ದೂರದ ಊರಿನ ಸಂಶೋಧನ ಕಚೇರಿಯೊಂದರಲ್ಲಿ, ಪುಸ್ತಕದ ಕನ್ನಡವನ್ನೇ ಆಡುತ್ತ ಕಳೆದವನ ನಾಲಗೆಯನ್ನು ಪೂರ್ತಿ ನಂಬುವಂತಿಲ್ಲ. ನಿವೃತ್ತನಾಗಿ ಬೀದರಿಗೆ ಮರಳಿದ ಮೇಲೂ ಅಂಗಡಿಯಲ್ಲಿ ಒಂದನ್ನು ಕೇಳಿ ಇನ್ನೊಂದನ್ನು ಪಡೆದು ಬರುವುದುಂಟು. ಈ ಚಳಿಗಾಲದಲ್ಲಿ ಬ್ಯಾಟರಿಯ ವಿಷಯದಲ್ಲಿ ಹಾಗಾಯಿತು. ಅದು ಸಣ್ಣ ಮಾತು. ಅದರೊಡನೆ ಹೆಣೆದುಕೊಂಡ ಇನ್ನೊಂದು ತಪ್ಪು ಅಷ್ಟು ಸಣ್ಣದಲ್ಲ, ಮತ್ತು ಅದು ಸಂಪೂರ್ಣವಾಗಿ ನನ್ನದು.

ಕಲ್ಲಿನ ಬರಹ ಓದುವವರಿಗೆ ಬ್ಯಾಟರಿ ಹಗಲಿನ ಸಾಧನ. ಸವೆದ ಕಲ್ಲಿನ ಮೇಲೆ ನೆತ್ತಿಯ ಬಿಸಿಲು ಬಿದ್ದಾಗ ಅಕ್ಷರಗಳು ಕಣ್ಣಿಗೆ ಸಿಕ್ಕುವುದಿಲ್ಲ. ಕಲ್ಲಿಗೆ ಕಂಬಳಿ ಹೊದಿಸಿ, ನಾವೂ ಅದರೊಳಗೆ ತಲೆ ತೂರಿಸಿ, ಸಣ್ಣ ಬ್ಯಾಟರಿಯೊಂದನ್ನು ಕಲ್ಲಿಗೆ ಒರಗಿಸಿದಂತೆ ಪಕ್ಕದಿಂದ ಹಿಡಿದರೆ, ಅಳಿದುಳಿದ ತಗ್ಗುಗಳಲ್ಲಿ ನೆರಳು ನಿಲ್ಲುತ್ತದೆ. ನಾವು ಓದುವುದು ಆ ನೆರಳನ್ನು. ಕಂಬಳಿಯನ್ನು ಆಯಾ ಊರಿನ ಕುರಿ ಕಾಯುವವರಿಂದ ಕೇಳಿ ಪಡೆಯುತ್ತಿದ್ದೆ. ಬ್ಯಾಟರಿ ನನ್ನದೇ ಇರುತ್ತಿತ್ತು. ಈಗ ನನ್ನಲ್ಲಿರುವುದು ಹೆಬ್ಬೆರಳಿನಷ್ಟು ದಪ್ಪದ, ಲೋಹದ ಮೈಯ, ಎರಡು ಪೆನ್ಸಿಲ್ ಶೆಲ್ ಹಿಡಿಯುವ ಬ್ಯಾಟರಿ. ಅದರ ಬೆಳಕು ಕಡ್ಡಿಯಂತೆ ಸಪೂರ. ಕೆಲಸದಲ್ಲಿದ್ದ ಕೊನೆಯ ವರ್ಷ ಕೊಂಡದ್ದು. ಇದಕ್ಕೂ ಮೊದಲಿನವು ಎಷ್ಟೋ ಬಂದು ಹೋದವು.

ಟಿಪ್ಪಣಿ ಪುಸ್ತಕದಲ್ಲಿ ನನ್ನದೊಂದು ಪದ್ಧತಿ ಇತ್ತು. ಪ್ರತಿ ಓದಿನ ಮುಂದೆಯೂ ಒಂದು ಗುರುತು ಹಾಕುತ್ತಿದ್ದೆ. ಬರಿ ಬಿಸಿಲಿನಲ್ಲಿ ಓದಿದ್ದಾದರೆ ‘ಬಿ’. ಕಂಬಳಿಯೊಳಗೆ ಬ್ಯಾಟರಿ ಹಚ್ಚಿ ಓದಿದ್ದಾದರೆ ‘ಬ್ಯಾ’. ಯಾವ ಓದನ್ನು ಎಷ್ಟು ನಂಬಬೇಕೆಂದು ಈ ಗುರುತು ಹೇಳುತ್ತಿತ್ತು. ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳ ಹಳೆಯ ಸಮಾಧಿಕಲ್ಲುಗಳ ಪಟ್ಟಿಯನ್ನು ಹೀಗೆಯೇ ಮಾಡಿದ್ದೆ. ಅದು ಅಚ್ಚಿಗೆ ಹೋಗುವಾಗ ಗುರುತಿನ ಅಂಕಣ ಪುಟದ ಅಗಲಕ್ಕೆ ಹೊಂದುವುದಿಲ್ಲವೆಂದು ಮುದ್ರಣಾಲಯದವರು ಹೇಳಿದರು. ನಾನು ಒಪ್ಪಿದೆ. ನಿಜಾಮರ ಕಾಲದ ಫಸಲಿ ಸನಕ್ಕೆ ಐನೂರ ತೊಂಬತ್ತು ಕೂಡಿಸಿ ಇಸವಿ ಮಾಡುವ ಲೆಕ್ಕವನ್ನು ಮೂರು ಮೂರು ಸಲ ತಾಳೆ ನೋಡಿದವನು, ಆ ಅಂಕಣವನ್ನು ಮಾತ್ರ ಒಂದೇ ಮಾತಿಗೆ ಬಿಟ್ಟುಕೊಟ್ಟೆ.

ಒಂದು ಗುರುವಾರ ಮುಂಜಾನೆ ಫೋನು ಬಂತು. ಗುರುವಾರವೆಂಬುದನ್ನು ದಿನಚರಿಯಲ್ಲಿ ನೋಡಿಯೇ ಬರೆಯುತ್ತಿದ್ದೇನೆ. ಮಾತಾಡಿದವರು ಭಾಲ್ಕಿಯಲ್ಲಿರುವ ನಿವೃತ್ತ ನರ್ಸ್, ಮೆಥಡಿಸ್ಟ್ ಕುಟುಂಬದವರು. ತಮ್ಮ ಪರಿಚಯ ಹೇಳಿ ಮುಗಿಸುವ ಮೊದಲೇ ಅವರು ಆಡಿದ ಮಾತು ಇನ್ನೂ ಕಿವಿಯಲ್ಲಿದೆ.

“ಸರ್, ನಿಮ್ಮ ಪುಸ್ತಕದಾಗ ನಮ್ಮವ್ವ ತಪ್ಪ ಸತ್ತಾಳ್ರಿ.”

ಆಮೇಲೆ ಅವರೇ ಬಿಡಿಸಿ ಹೇಳಿದರು. ಅವರ ತವರು ಔರಾದ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿಯ ಸಮಾಧಿ ಭೂಮಿಯಲ್ಲಿ ಒಂದೇ ಹೆಸರಿನ ಇಬ್ಬರು ಹೆಂಗಸರ ಕಲ್ಲುಗಳಿವೆ. ಒಂದು ರಸ್ತೆಯ ಕಡೆ ಗೋಡೆಗೆ ಹತ್ತಿ, ಇನ್ನೊಂದು ಒಳಗಡೆ ಬೇವಿನ ಮರದ ಕೆಳಗೆ. ಬೇವಿನ ಕೆಳಗಿನ ಕಲ್ಲಿನ ಪದರು ಎದ್ದುಹೋಗಿ ಇಸವಿ ಉಳಿದಿಲ್ಲ. ಗೋಡೆಯ ಬದಿಯ ಕಲ್ಲಿನ ಇಸವಿಯ ಕೊನೆಯ ಅಂಕಿಯನ್ನು ನನ್ನ ಪಟ್ಟಿ ಒಂಬತ್ತು ಎನ್ನುತ್ತದೆ. ಅವರ ತಾಯಿ ತೀರಿಕೊಂಡದ್ದು ಆರಕ್ಕೆ ಮುಗಿಯುವ ಇಸವಿಯಲ್ಲಿ; ಹಾಗಾಗಿ ಚರ್ಚಿನ ಹಿರಿಯರ ಲೆಕ್ಕದಲ್ಲಿ ಬೇವಿನ ಕೆಳಗಿನದೇ ಅವರ ತಾಯಿಯದು. ಈಗ ರಸ್ತೆ ಅಗಲವಾಗುವುದರಿಂದ ಗೋಡೆಯನ್ನು ಒಳಕ್ಕೆ ಸರಿಸಿ ಕಟ್ಟುತ್ತಾರೆ. ಆ ಸಾಲಿನ ಸಮಾಧಿಗಳನ್ನು ಸೋಮವಾರ ತೆಗೆಯುತ್ತಾರೆ. ಮನೆಯವರು ಇರುವ ಸಮಾಧಿಗಳನ್ನು ಅವರವರ ಕೈಗೆ ಕೊಟ್ಟು ಬೇರೆ ಜಾಗ ಕೊಡುತ್ತಾರೆ. ಯಾರೂ ಕೇಳದವುಗಳನ್ನು ಪ್ರಾರ್ಥನೆ ಮಾಡಿ ಒಂದೇ ಗುಂಡಿಗೆ ಸೇರಿಸುತ್ತಾರೆ.

“ನಮ್ಮವ್ವ ಗೋಡಿ ಕಡೀನೇ ಅದಾಳ್ರಿ. ನನಗ ಆಗ ಆರು ವರ್ಷ. ಗೋಡಿ ಮ್ಯಾಲ ಕಾಲ ಇಳಿಬಿಟ್ಟು ಕುಂತಿದ್ದೆ, ಕೆಳಗ ಮಣ್ಣ ಹಾಕ್ತಿದ್ರು. ಬೇವಿನ ಗಿಡಕ್ಕ ಗೋಡಿ ಎಲ್ಲದ? ಹಿರ್ಯಾರ ಮುಂದ ಹೇಳಿದ್ರ, ಇಲ್ಲ ಸಿಸ್ಟರ್, ಪುಸ್ತಕದಾಗ ಛಾಪ ಆಗ್ಯಾದ, ನಿಮ್ದು ಸಣ್ಣ ಹುಡುಗಿ ನೆನಪು ಅಂತಾರ. ನೀವು ಬರ್ದು ಕೊಟ್ರ ಕೇಳ್ತಾರಂತ. ರವಿವಾರ ಆರಾಧನಿ ಒಳಗ ಕೊಡಬೇಕ್ರಿ.”

ತಾಯಿ ತೀರಿದ ಇಸವಿಗೆ ಆಧಾರವೇನೆಂದು ಕೇಳಿದೆ. ಮನೆಯ ಬೈಬಲ್ಲಿನ ಮೊದಲ ಹಾಳೆಯಲ್ಲಿ ತಂದೆಯವರು ಬರೆದಿಟ್ಟಿದ್ದಾರೆ ಎಂದರು. ಬೇರೆ ಆಧಾರ? ತಮ್ಮ ವಯಸ್ಸು ಎಂದರು. ಶಾಲೆಯ ದಾಖಲೆಯ ವಯಸ್ಸೇ ಎಂದೆ. ನಮ್ಮ ಕಾಲದ ಮಾಸ್ತರರು ಅರ್ಧ ಊರಿನ ಮಕ್ಕಳನ್ನು ಜೂನ್ ಒಂದನೆಯ ತಾರೀಖಿಗೇ ಹುಟ್ಟಿಸಿರುವುದರಿಂದ ಅದನ್ನು ನಾನು ನಂಬುವುದಿಲ್ಲ. “ಜ್ಞಾನಸ್ನಾನದ ಚೀಟಿ ಅದರಿ” ಎಂದರು. ಅವರ ದನಿಯಲ್ಲಿ ತಾಳ್ಮೆ ತೀರುತ್ತಿತ್ತು. ಚೀಟಿಯಲ್ಲಿದ್ದ ಹುಟ್ಟಿದ ವರ್ಷಕ್ಕೆ ಆರು ಕೂಡಿಸಿದರೆ ಬೈಬಲ್ಲಿನ ಇಸವಿಯೇ ಬರುತ್ತಿತ್ತು; ಎರಡು ಬೇರೆ ಬೇರೆ ಕೈಗಳ ದಾಖಲೆಗಳು ಒಂದಕ್ಕೊಂದು ಹೊಂದುತ್ತಿದ್ದವು.

ಫೋನಿಟ್ಟು ಆ ಊರಿನ ಟಿಪ್ಪಣಿ ಪುಸ್ತಕ ಹುಡುಕಿದೆ. ಮಧ್ಯಾಹ್ನದವರೆಗೆ ಧೂಳಿನಲ್ಲಿ ಕುಳಿತು ಬೆನ್ನು ಹಿಡಿದುಕೊಂಡಿತು. ಗೋಡೆಯ ಬದಿಯ ಕಲ್ಲಿನ ಸಾಲು ಸಿಕ್ಕಿತು. ಇಸವಿಯ ಮುಂದೆ ಗುರುತು ‘ಬಿ’. ಅದರ ಕೆಳಗೆ ಪೆನ್ಸಿಲಿನಲ್ಲಿ, ನನ್ನದೇ ಅಕ್ಷರದಲ್ಲಿ: ‘ಬ್ಯಾಟರಿ ಹತ್ತಲಿಲ್ಲ. ನಡು ಮಧ್ಯಾಹ್ನ. ಮತ್ತೆ ನೋಡಬೇಕು.’

ಮತ್ತೆ ನೋಡಲಿಲ್ಲ. ಆ ಟಿಪ್ಪಣಿಗೂ ಪಟ್ಟಿಯ ಕರಡಿಗೂ ನಡುವೆ ಎರಡು ವರ್ಷಗಳಿದ್ದವೆಂಬುದನ್ನು ದಿನಚರಿಗಳನ್ನು ತೆರೆದು ಖಚಿತಪಡಿಸಿಕೊಂಡೆ. ಸಮಯವಿರಲಿಲ್ಲವೆಂದು ಹೇಳಿಕೊಳ್ಳುವ ದಾರಿಯೂ ಉಳಿಯಲಿಲ್ಲ. ಅಚ್ಚಿನಲ್ಲಿ ಆ ಒಂಬತ್ತು, ಬ್ಯಾಟರಿ ಹಚ್ಚಿ ಓದಿದ ಎಲ್ಲ ಅಂಕಿಗಳ ಸಾಲಿನಲ್ಲಿ ಅಷ್ಟೇ ಗಂಭೀರವಾಗಿ ನಿಂತಿತ್ತು.

ಕನ್ನಡದ ೬ ಮತ್ತು ೯ ಸವೆದ ಕಲ್ಲಿನಲ್ಲಿ ಅವಳಿ ಮಕ್ಕಳಿದ್ದಂತೆ. ಬಾಲದ ತಿರುವೊಂದನ್ನು ಬಿಟ್ಟರೆ ಬೇರೆ ಮಾಡಿ ಹೇಳುವುದು ಕಷ್ಟ. ಶನಿವಾರ ಹೋಗಿ ನೋಡುವುದೆಂದು ತೀರ್ಮಾನಿಸಿ, ಶುಕ್ರವಾರ ಸಂಜೆ ಚೀಲ ಸಿದ್ಧಮಾಡುವಾಗ ಬ್ಯಾಟರಿಯ ಗುಂಡಿ ಒತ್ತಿದೆ. ಹತ್ತಲಿಲ್ಲ.

ಶೆಲ್ ಹೋಗಿರಬೇಕೆಂದು ಹೊಸವನ್ನು ಹಾಕಿದೆ. ಹತ್ತಲಿಲ್ಲ. ತಲೆಕೆಳಗಾಗಿ ಹಾಕಿದೆನೇನೋ ಎಂದು ತಿರುಗಿಸಿ, ಮತ್ತೆ ಮೊದಲಿನಂತೆ ಹಾಕಿದೆ. ಅದೇ ಎರಡು ಶೆಲ್ಲುಗಳನ್ನು ಒಂದೊಂದಾಗಿ ಗೋಡೆ ಗಡಿಯಾರಕ್ಕೆ ಹಾಕಿದಾಗ ಮುಳ್ಳು ಓಡಿತು; ಆದ್ದರಿಂದ ಶೆಲ್ಲುಗಳು ನಿರ್ದೋಷಿಗಳು. ಮುಚ್ಚಳದೊಳಗಿನ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದಿತ್ತು. ಕಡ್ಡಿಪೆಟ್ಟಿಗೆಯ ಗೀರುವ ಬದಿಯಿಂದ ಅದನ್ನು ಹೊಳೆಯುವವರೆಗೆ ಉಜ್ಜಿದೆ. ಗುಂಡಿಯನ್ನು ಇಪ್ಪತ್ತು ಸಲ ಒತ್ತಿದೆ. ಅಂಗೈಗೆ ಬಡಿದೆ. ಕಿವಿಯ ಬಳಿ ಅಲ್ಲಾಡಿಸಿ ಕೇಳಿದೆ. ಮನೆಯಾಕೆ ಅಡುಗೆಮನೆಯಿಂದ ಇಣುಕಿ, “ಅದಕ್ಕ ಥಂಡಿ ಹತ್ಯಾದೇನು, ಕಷಾಯ ಮಾಡಿ ಕೊಡ್ಲಾ?” ಎಂದಳು. ನನಗೆ ನಗು ಬರಲಿಲ್ಲ. ಮೂವತ್ತು ವರ್ಷಗಳ ಹಿಂದೆ ಅದೇ ಕಲ್ಲಿನ ಮುಂದೆ ಒಂದು ಬ್ಯಾಟರಿ ಹತ್ತದೆ ಹೋಗಿತ್ತು. ಈಗ ಇನ್ನೊಂದು.

ಶನಿವಾರ ಮುಂಜಾನೆಯ ಬಸ್ಸಿನಲ್ಲಿ ಭಾಲ್ಕಿಗೆ ಹೊರಟೆ. ಹಲಬರ್ಗಾ ದಾಟುವವರೆಗೂ ಆ ಲೋಹದ ಕೊಳವೆ ನನ್ನ ಕೈಯಲ್ಲೇ ಇತ್ತು. ನಡುನಡುವೆ ಒತ್ತಿ ನೋಡುತ್ತಿದ್ದೆ. ಪಕ್ಕದಲ್ಲಿ ಕುಳಿತವರು ಮೊದಲು ನನ್ನನ್ನು, ಆಮೇಲೆ ಅದನ್ನು ನೋಡಿ ಕಿಟಕಿಯ ಕಡೆ ತಿರುಗಿದರು. ಭಾಲ್ಕಿಯಲ್ಲಿ ಇಳಿದು, ನಿಲ್ದಾಣದ ಹತ್ತಿರದ ಒಂದು ವಿದ್ಯುತ್ ಸಾಮಾನಿನ ಅಂಗಡಿಗೆ ಹೋದೆ. ನನ್ನ ಶೆಲ್ಲುಗಳು ಗಡಿಯಾರಕ್ಕೆ ಸಾಕಾಗಿ ಬ್ಯಾಟರಿಗೆ ಸಾಲದೇ ಇರಬಹುದೆಂಬ ಕೊನೆಯ ಅನುಮಾನವೊಂದು ಉಳಿದಿತ್ತು. ಕಣ್ಣು ಮುಚ್ಚಿಬರುತ್ತಿದ್ದ ಆಯಾಸದಲ್ಲಿ ಬಾಯಿಗೆ ಬಂದ ಭಾಷೆಯಲ್ಲಿ ಹೇಳಿದೆ:

“ಇದರ ಬ್ಯಾಟರಿ ಹಾಳಾಗಿರಬಹುದು. ಬೇರೆ ಬ್ಯಾಟರಿ ಕೊಡಿ.”

ಅಂಗಡಿಯವನು ಹಿಂದಿನ ಹಲಗೆಯಿಂದ ಕೆಂಪು ಪ್ಲಾಸ್ಟಿಕ್ಕಿನ, ತಂಬಿಗೆಯಷ್ಟು ದಪ್ಪದ ಟಾರ್ಚೊಂದನ್ನು ತೆಗೆದು ಮುಂದಿಟ್ಟ.

“ಇದಲ್ಲ. ಒಳಗೆ ಹಾಕುವುದು.”

“ಇದರೊಳಗ ಹಾಕೋದು ಏನೂ ಇಲ್ರಿ ಕಾಕಾ. ಚಾರ್ಜಿಂಗ್ ಅದ.”

“ನಾನು ಕೇಳಿದ್ದು ಬ್ಯಾಟರಿ.”

“ನಾನೂ ಬ್ಯಾಟರೀನೇ ಕೊಟ್ಟೀನ್ರಿ! ಯಾವೂರವರ್ರಿ ನೀವು? ಬೆಂಗಳೂರ ಕಡಿಯವರೇನು?”

“ಸಾಯಗಾಂವ” ಎಂದೆ.

ಅವನು ಪಕ್ಕದಲ್ಲಿ ನಿಂತಿದ್ದ ಗಿರಾಕಿಯ ಕಡೆ ತಿರುಗಿದ. “ಕೇಳ್ರಿ, ಸಾಯಗಾಂವದವರಂತ. ಸಾಯಗಾಂವದಾಗ ಶೆಲ್‌ಗೆ ಯಾವಾಗಿಂದ ಬ್ಯಾಟರಿ ಅನ್ಲಿಕ್ಕ ಹತ್ಯಾರೋ ಏನೋ.” ಆಮೇಲೆ ನನ್ನ ಮುಖ ನೋಡಿ ಮೆತ್ತಗಾದ. “ಕೊಡ್ರಿ ಕಾಕಾ, ನೋಡೂನು.”

ಹೊಸ ಶೆಲ್ ಹಾಕಿದ. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದ. ಒತ್ತಿದ. ಹತ್ತಲಿಲ್ಲ. ಮೇಜಿನ ಅಂಚಿಗೆ ಎರಡು ಸಲ ಕುಟ್ಟಿ, ಗಾಜಿನೊಳಗೆ ಒಂದು ಕಣ್ಣಿಟ್ಟು ನೋಡಿ, ವಾಪಸು ಕೊಟ್ಟ. “ಇದರ ಉಮರ್ ಮುಗದದ್ರಿ. ಬಿಟ್ಟ ಬಿಡ್ರಿ. ಬ್ಯಾಟರೀನೇ ಬದಲಿ ಮಾಡ್ರಿ, ಪೂರಾ.”

ಕೆಂಪು ಟಾರ್ಚನ್ನು ಕೊಂಡಿದ್ದರೆ ಜಾಣತನವಾಗುತ್ತಿತ್ತೋ ಏನೋ. ಆದರೆ ಅದರ ಬೆಳಕು ಹಿಟ್ಟು ನಾದುವ ಪರಾತದಷ್ಟು ಅಗಲ. ಕಲ್ಲಿನ ಮೇಲೆ ಹರಡಿ ಬಿದ್ದು ನೆರಳನ್ನೇ ತಿಂದುಹಾಕುತ್ತದೆ. ಅದನ್ನು ವಿವರಿಸುವ ತ್ರಾಣ ನನಗಿರಲಿಲ್ಲ.

ನರ್ಸ್ ನಿಲ್ದಾಣದಲ್ಲಿ ಕಾಯುತ್ತಿದ್ದರು. ಬಿಳಿ ಸೀರೆ, ಕೈಯಲ್ಲಿ ದೊಡ್ಡ ಚೀಲ, ಕಾಲಿಗೆ ಬಿಳಿ ಬೂಟು. ನನ್ನಷ್ಟೇ ವಯಸ್ಸು, ನನಗಿಂತ ನೆಟ್ಟಗಿನ ಬೆನ್ನು. ಬ್ಯಾಟರಿ ಕೆಟ್ಟಿದೆಯೆಂದು ಹೇಳಿದೆ. ಅವರು ಬೇಸರ ತೋರಿಸಲಿಲ್ಲ. “ಮೊಬೈಲ್‌ದಾಗ ಲೈಟ ಅದಲ್ರಿ” ಎಂದು ಬಸ್ಸು ಹತ್ತಿದರು. ಬಸ್ಸು ಔರಾದಿನ ಕಡೆ ಹೊರಟಿತು. ಹೊರಗೆ ತೊಗರಿ ಕೊಯ್ದ ಹೊಲಗಳಲ್ಲಿ ಕೂಳೆ ನಿಂತಿತ್ತು.

ಸಮಾಧಿ ಭೂಮಿಯ ಗೋಡೆ ಆಗಲೇ ಅರ್ಧ ಬಿದ್ದಿತ್ತು. ಹೊಸ ಕಲ್ಲುಗಳ ರಾಶಿ ರಸ್ತೆಗೆ ಬಂದು ಬಿದ್ದಿತ್ತು. ಒಳಗೆ ಹತ್ತಿಪ್ಪತ್ತು ಕುರಿಗಳು ಒಣಹುಲ್ಲು ಮೇಯುತ್ತಿದ್ದವು, ಅವುಗಳ ಯಜಮಾನ ಒಂದು ಸಮಾಧಿಯ ಅಂಚಿಗೆ ಕುಳಿತು ತಂಬಾಕು ತಿಕ್ಕುತ್ತಿದ್ದ. ಐವತ್ತು ದಾಟಿದ, ನರೆತ ಮೀಸೆಯವನು. ನರ್ಸನ್ನು ಗುರುತು ಹಿಡಿದು ಎದ್ದು ನಿಂತ.

“ಒಂದು ಗಳಿಗಿ ಕಂಬಳಿ ಕೊಡ್ತೀರೇನ್ರಿ?” ಎಂದು ಕೇಳಿದೆ. ಈ ಮಾತು ಮಾತ್ರ ತಪ್ಪಿಲ್ಲದೆ ಬಂತು.

ಕಲ್ಲಿನ ಮುಂದೆ ಮೊಣಕಾಲೂರುವುದಕ್ಕೇ ಬಹಳ ಹೊತ್ತಾಯಿತು. ಇಬ್ಬರೂ ಕಂಬಳಿ ಹೊದ್ದೆವು; ನರ್ಸ್ ಮೊಬೈಲಿನ ಬೆಳಕು ಹಿಡಿದರು. ಹೆಸರು ಕಂಡಿತು, ಇಸವಿಯ ಮೊದಲ ಮೂರು ಅಂಕಿ ಕಂಡವು. ಕೊನೆಯದು ಬರಿ ಬೂದು ಕಲೆ. ಹರಡಿದ ಬೆಳಕಿಗೆ ಕಲ್ಲು ಎಲ್ಲ ಕಡೆಯೂ ಒಂದೇ ಸಮನೆ ಬೆಳ್ಳಗಾಯಿತು. ಎಡಕ್ಕೆ, ಬಲಕ್ಕೆ, ಹತ್ತಿರಕ್ಕೆ, ದೂರಕ್ಕೆ ಹಿಡಿದು ನೋಡಿದೆವು. ಕಂಬಳಿಯ ಹೊರಗಿನಿಂದ ಕುರಿ ಕಾಯುವವನ ದನಿ ಬಂತು.

“ಸಿಸ್ಟರ್ ಬಾಯಿ, ಇಬ್ಬರೂ ಒಂದ ಕಂಬಳಿಯಾಗ ಹೊಕ್ಕೀರಿ. ಊರ ಮಂದಿ ನೋಡಿದ್ರ ಏನಂದಾರು?”

“ಎಪ್ಪತ್ತಾಗ್ಯಾವ ನನಗ. ಅಂದ್ರ ಅನ್ಲಿ ಬಿಡಪಾ, ಅನ್ನೋರಾದ್ರೂ ಅದಾರಲ್ಲ” ಎಂದು ಅವರು ಒಳಗಿನಿಂದಲೇ ಹೇಳಿದರು.

ನಾನು ಹೊರಗೆ ಬಂದು ಕುಳಿತೆ. ಕುರಿಯ ಉಣ್ಣೆಯ ವಾಸನೆ ಮೂಗಿನಲ್ಲೇ ಇತ್ತು. ಓದಲಾಗುವುದಿಲ್ಲವೆಂದು ಬರೆದುಕೊಟ್ಟರೆ ಹಿರಿಯರು ಅಚ್ಚಾದದ್ದನ್ನೇ ಹಿಡಿಯುತ್ತಾರೆ. ಆರೆಂದು ಊಹಿಸಿ ಬರೆದುಕೊಟ್ಟರೆ ನಾನು ಎರಡನೆಯ ಸಲ ಓದದೆ ಓದಿದಂತಾಗುತ್ತದೆ. ಇದನ್ನು ಅವರಿಗೆ ಹೇಳಿದೆ. ನರ್ಸ್ ಬಗ್ಗಿ ನನ್ನ ಕೈಯಿಂದ ಬ್ಯಾಟರಿಯನ್ನು ತೆಗೆದುಕೊಂಡರು.

“ಇದು ಯಾವಾಗಿಂದ ಹತ್ತಂಗಿಲ್ರಿ?”

“ನಿನ್ನೆಯಿಂದ.”

“ನಿನ್ನಿ ನೀವು ನೋಡಿದ್ದು. ಕೆಟ್ಟಿದ್ದು ಯಾವಾಗ? ದವಾಖಾನಿಗೆ ಬಂದವರೂ ಹಿಂಗೇ ಹೇಳ್ತಾರ, ನಿನ್ನಿಯಿಂದ ಅಂತ. ಕಡೀಕ್ಕ ಚಲೋ ಇದ್ದಿದ್ದು ಯಾವತ್ತು? ಆಮ್ಯಾಲ ಏನ್ ತಿಂದ್ರಿ, ಏನ್ ಕುಡದ್ರಿ, ಅದನ್ನ ಹೇಳ್ರಿ.”

ಇದು ನಾನು ಜೀವಮಾನವಿಡೀ ಮಾಡಿದ ಕೆಲಸವೇ ಆಗಿತ್ತು. ಬ್ಯಾಟರಿಯ ವಿಷಯದಲ್ಲಿ ಹೊಳೆದಿರಲಿಲ್ಲ. ಚೀಲದಿಂದ ದಿನಚರಿ ತೆಗೆದು ಹಿಂದಕ್ಕೆ ತಿರುವಿದೆ. ಹಿಂದಿನ ಶನಿವಾರ ಕರೆಂಟು ಹೋಗಿ ಬ್ಯಾಟರಿ ಹಚ್ಚಿಕೊಂಡು ಪುಸ್ತಕ ಹುಡುಕಿದ ಉಲ್ಲೇಖವಿತ್ತು. ಮರುದಿನ ಭಾನುವಾರ ಒಂದೇ ಸಾಲು: ‘ನಳದ ರಿಪೇರಿಯವನು ಬಂದಿದ್ದ.’ ಸೋಮವಾರದಿಂದ ಗುರುವಾರದವರೆಗೆ ಬ್ಯಾಟರಿಯ ಸುದ್ದಿಯೇ ಇಲ್ಲ.

“ನಳದವ ಬಂದ್ರ ಬ್ಯಾಟರಿಗೇನಾತು?” ಎಂದರು ಅವರು.

ಆಗ ನೆನಪಾಯಿತು. ನಳ ಸೋರದಂತೆ ತಿರುಪಿಗೆ ಸುತ್ತುವ ಬಿಳಿಯ ತೆಳು ಟೇಪಿನ ಸುರುಳಿಯಲ್ಲಿ ಒಂದು ತುಂಡನ್ನು ಅವನು ಬಿಟ್ಟುಹೋಗಿದ್ದ. ಬ್ಯಾಟರಿಯ ಮುಚ್ಚಳ ಸಡಿಲಾಗಿ ಗಡಗಡ ಎನ್ನುತ್ತಿತ್ತು. ಒಳ್ಳೆಯ ವಸ್ತು ಹಾಳಾಗಬಾರದೆಂದು, ಮುಚ್ಚಳ ಕೂರುವ ತಿರುಪಿನ ಗೆರೆಗಳಿಗೆ ಆ ಟೇಪನ್ನು ನಾಲ್ಕು ಸುತ್ತು ಸುತ್ತಿ ಬಿಗಿಮಾಡಿದ್ದೆ. ಬಹಳ ಅಚ್ಚುಕಟ್ಟಾಗಿ ಕೂತಿದೆಯೆಂದು ಸಂತೋಷಪಟ್ಟಿದ್ದೆ. ಹಚ್ಚಿ ನೋಡಿರಲಿಲ್ಲ. ಶುಕ್ರವಾರ ಎಷ್ಟು ಸಲ ಆ ಮುಚ್ಚಳ ತೆಗೆದು ಹಾಕಿದರೂ, ಅಂಗಡಿಯವನು ತಿರುಗಿಸಿದರೂ, ಗೆರೆಗಳ ತಳಕ್ಕೆ ಒತ್ತಿಹೋಗಿ ಅಂಟಿಕೊಂಡಿದ್ದ ಆ ಬಿಳಿಯ ಪೊರೆಯನ್ನು ಯಾರೂ ಗಮನಿಸಿರಲಿಲ್ಲ.

ನಮ್ಮ ಬ್ಯಾಟರಿಯಲ್ಲಿ ವಿದ್ಯುತ್ತು ಶೆಲ್ಲಿನ ತಳದಿಂದ ಸ್ಪ್ರಿಂಗಿಗೆ, ಸ್ಪ್ರಿಂಗಿನಿಂದ ಮುಚ್ಚಳಕ್ಕೆ, ಮುಚ್ಚಳದಿಂದ ತಿರುಪಿನ ಮೂಲಕ ಲೋಹದ ಮೈಗೆ ದಾಟಬೇಕು. ನಾನು ದಾರಿಯ ಕೊನೆಯ ಬಾಗಿಲಿಗೆ ಅಗುಳಿ ಹಾಕಿ, ಒಳಗಿನವರನ್ನೆಲ್ಲ ಒಬ್ಬೊಬ್ಬರನ್ನಾಗಿ ವಿಚಾರಣೆ ಮಾಡುತ್ತಿದ್ದೆ.

ನರ್ಸ್ ಸೆರಗಿನ ಪಿನ್ನನ್ನು ಬಿಚ್ಚಿ ಕೊಟ್ಟರು. ಮುಚ್ಚಳವನ್ನು ತೆಗೆದಿಟ್ಟು, ಪಿನ್ನಿನ ಒಂದು ತುದಿಯನ್ನು ಶೆಲ್ಲಿನ ತಳಕ್ಕೂ ನಡುವನ್ನು ಕೊಳವೆಯ ಬರಿಯ ಅಂಚಿಗೂ ಒತ್ತಿ ಹಿಡಿದೆ. ಹಾಡುಹಗಲಿನಲ್ಲಿ ಅದರ ಬೆಳಕು ಕಾಣುವುದೇ ಇಲ್ಲವೇನೋ ಎಂದುಕೊಂಡಿದ್ದೆ. ನರ್ಸ್ ತಮ್ಮ ಅಂಗೈಯನ್ನು ಮುಂದೆ ಒಡ್ಡಿದರು. ಅಂಗೈಯ ನಡುವೆ ನಾಲ್ಕಾಣೆಯಷ್ಟು ಬೆಳಕು ಬಿದ್ದಿತ್ತು.

“ಪೇಶಂಟ್ ಚಲೋ ಅದಾನ್ರಿ” ಎಂದರು. “ಪಟ್ಟಿ ಬಿಗಿ ಕಟ್ಟಿದ್ರಿ ನೀವು.”

ಟೇಪನ್ನು ಉಗುರಿನಿಂದ ಎಳೆದು ತೆಗೆಯಲು ಕಾಲು ಗಂಟೆ ಹಿಡಿಯಿತು. ಕಣ್ಣು ಸಾಲದೆ, ಗೆರೆಗಳ ಒಳಗಿನ ಚೂರುಗಳನ್ನು ಅವರೇ ಪಿನ್ನಿನಿಂದ ಕೆದರಿದರು. ಮುಚ್ಚಳ ಮೊದಲಿನಂತೆ ಸಡಿಲಾಯಿತು, ಗಡಗಡ ಎಂದಿತು, ಬ್ಯಾಟರಿ ಹತ್ತಿತು.

ಮತ್ತೆ ಕಂಬಳಿಯೊಳಗೆ ಹೋದೆ. ಈ ಸಲ ಒಬ್ಬನೇ. ಅವರು ಹೊರಗೆ ನಿಲ್ಲಬೇಕೆಂದು ಕೇಳಿಕೊಂಡೆ. ಬೆಳಕನ್ನು ಎಡಬದಿಯಿಂದ ಕಲ್ಲಿಗೆ ತಾಗಿಸಿ ಹಿಡಿದೆ. ಏನೂ ಇಲ್ಲ. ಕೆಳಗಿನಿಂದ ಮೇಲಕ್ಕೆ ಹಿಡಿದು ನಿಧಾನವಾಗಿ ತಿರುಗಿಸಿದೆ. ಬೂದು ಕಲೆಯೊಳಗೆ ಮೊದಲು ಹೊಟ್ಟೆ, ಆಮೇಲೆ ಬಾಲ ಕಪ್ಪಗೆ ಎದ್ದುಬಂದವು. ಆರು. ಅದನ್ನು ನಾನು ಬಯಸಿದ್ದೆನಾದ್ದರಿಂದ ನಂಬಲಿಲ್ಲ. ಬೆಳಕನ್ನು ನೆತ್ತಿಯ ಮೇಲಕ್ಕೆ, ನಡುಮಧ್ಯಾಹ್ನದ ಸೂರ್ಯನ ಜಾಗಕ್ಕೆ ಒಯ್ದೆ. ಬಾಲ ಮಾಯವಾಯಿತು, ಮೇಲ್ಗಡೆ ಚಕ್ಕೆ ಎದ್ದ ಅಂಚಿನ ನೆರಳು ಕೆಳಗೆ ಬಿದ್ದು ಕೊಂಡಿಯಾಯಿತು. ಮೂವತ್ತು ವರ್ಷಗಳ ಹಿಂದಿನ ನನ್ನ ಒಂಬತ್ತು ಹಾಗೆಯೇ ಕಣ್ಣ ಮುಂದೆ ನಿಂತಿತು. ಮತ್ತೆ ಬೆಳಕನ್ನು ಇಳಿಸಿದೆ. ಆರು.

ಹೊರಗೆ ಬಂದು, ಏನನ್ನೂ ಹೇಳದೆ, ಕುರಿ ಕಾಯುವವನ ಕೈಗೆ ಬ್ಯಾಟರಿ ಕೊಟ್ಟೆ. “ಕೆಳಗಿಂದ ಹಿಡೀರಿ. ಕಡೀ ಅಂಕಿ ಏನ್ ಕಾಣ್ತದ ನೋಡ್ರಿ.”

“ನನಗ ಓದ್ಲಿಕ್ಕ ಬರಂಗಿಲ್ರಿ ಸಾಹೇಬ್ರ. ಅಂಕಿ ಅಷ್ಟ ಬರ್ತಾವ, ಕುರಿ ಎಣಸ್ಲಿಕ್ಕ.”

“ಅಷ್ಟೇ ಬೇಕಾಗಿರೋದು.”

ಅವನು ಒಳಗೆ ಹೋದ. ಕಂಬಳಿ ಅತ್ತಿತ್ತ ಅಲ್ಲಾಡಿತು. ನರ್ಸ್ ಬೇವಿನ ಮರದ ಕಡೆ ನೋಡುತ್ತ ನಿಂತಿದ್ದರು, ನಮ್ಮ ಕಡೆ ತಿರುಗಲಿಲ್ಲ. ಅವನು ಹೊರಬಂದು ಬಾಯಿಂದ ಹೇಳದೆ ಕೋಲಿನ ತುದಿಯಿಂದ ಮಣ್ಣಿನಲ್ಲಿ ಬರೆದ: ೬. ಒಂದು ಕುರಿ ಅದರ ಮೇಲೆ ನಡೆದುಹೋಯಿತು. ಅವನು ಬೈದು, ಮತ್ತೊಮ್ಮೆ ಬರೆದ.

“ಆರು ಅಂತ್ರಿ” ಎಂದು ನಾನು ಹೇಳಿದೆ.

ನರ್ಸ್ ತಲೆಯಾಡಿಸಿದರು. “ಗೊತ್ತದರಿ. ಗೋಡಿ ಮ್ಯಾಲ ಕುಂತಿದ್ದಾಕಿ ನಾನಲ್ಲೇನು.”

ಬಿದ್ದ ಗೋಡೆಯ ಕಲ್ಲಿನ ಮೇಲೆಯೇ ಕುಳಿತು ಹಿರಿಯರಿಗೆ ಪತ್ರ ಬರೆದೆ. ಪಟ್ಟಿಯಲ್ಲಿ ಅಚ್ಚಾಗಿರುವ ಒಂಬತ್ತು ತಪ್ಪೆಂದು, ಆ ತಪ್ಪು ನನ್ನದೆಂದು, ಗೋಡೆಯ ಬದಿಯ ಕಲ್ಲಿನ ಸರಿಯಾದ ಅಂಕಿ ಆರೆಂದು ಬರೆದು, ಅಭ್ಯಾಸದಂತೆ ಅಂಕಿಯ ಮುಂದೆ ಗುರುತು ಹಾಕಿದೆ: ‘ಬ್ಯಾ.’ ನರ್ಸ್ ಅದನ್ನು ಎರಡು ಸಲ ಓದಿ ಮಡಿಚಿ ಚೀಲದಲ್ಲಿಟ್ಟುಕೊಂಡರು. ಆಮೇಲೆ ಅದೇ ಚೀಲದಿಂದ ಸ್ವಲ್ಪ ಸೇವಂತಿಗೆ ತೆಗೆದರು. ಅರ್ಧವನ್ನು ಗೋಡೆಯ ಬದಿಯ ಕಲ್ಲಿಗಿಟ್ಟು, ಉಳಿದದ್ದನ್ನು ಹಿಡಿದುಕೊಂಡು ಬೇವಿನ ಕಡೆ ನಡೆದರು.

“ಅಲ್ಲಿಗೆ ಯಾಕ್ರಿ ಈಗ?” ಎಂದೆ.

“ನಿಮ್ಮ ಪುಸ್ತಕ ಬಂದಾಗಿಂದ ಇಲ್ಲೇ ಇಡ್ತಾ ಬಂದೀನ್ರಿ. ನಾ ಸಣ್ಣಾಕಿ ಇದ್ದೆ, ಓದಿದವರು ಬರ್ದಾರ, ನನ್ನ ನೆನಪೇ ತಪ್ಪ ಇರಬೇಕು ಅಂದ್ಕೊಂಡೆ. ಒಳಗ ಮಾತ್ರ ಒಪ್ಪತಿರಲಿಲ್ಲ.” ಹೂವಿಟ್ಟು, ಮರಕ್ಕೆ ಕೈಯೂರಿ ಎದ್ದರು. “ಇಷ್ಟ ವರ್ಷ ಆಕಿಗೆ ಅವ್ವಾ ಅಂದೀನಿ. ಒಮ್ಮಿಗೇ ಬಿಡ್ಲಿಕ್ಕ ಆಗ್ತದೇನ್ರಿ?”

ಆ ಬೇವಿನ ಕೆಳಗಿನಾಕೆ ಯಾರೆಂಬುದು ನನ್ನ ಟಿಪ್ಪಣಿಯಲ್ಲೂ ಇರಲಿಲ್ಲ. ಕಂಬಳಿ ಹೊದ್ದು ಅಲ್ಲಿಯೂ ನೋಡಿದೆ. ಪದರು ಎದ್ದುಹೋದ ಜಾಗದಲ್ಲಿ ಬ್ಯಾಟರಿಗೆ ತೋರಿಸಲು ಏನೂ ಉಳಿದಿರಲಿಲ್ಲ.

ಭಾನುವಾರ ಮಧ್ಯಾಹ್ನ ಹಿರಿಯರು ಫೋನು ಮಾಡಿದರು. ಪತ್ರವನ್ನು ಸಭೆಯ ಮುಂದೆ ಓದಿದರಂತೆ. ಎಲ್ಲ ಸರಿಯಾಗಿದೆ, ಒಂದು ಮಾತಿನಲ್ಲಿ ಮಾತ್ರ ತಕರಾರು ಬಂದಿದೆ ಎಂದರು.

“ಆರು ಅಂತ ಬರ್ದೀರಿ, ಮುಂದ ‘ಬ್ಯಾ’ ಅಂತ ಬರ್ದೀರಿ. ಬ್ಯಾಡ ಅಂತೀರೇನ್ರಿ? ಕೆಲವರು ಸಮಾಧಿ ತೆಗೀಬ್ಯಾಡ್ರಿ ಅಂತ ಹೇಳ್ಯಾರ ಅಂತಾರ. ಕೆಲವರು ಆರು ಬ್ಯಾಡ, ಒಂಬತ್ತೇ ಇರಲಿ ಅಂತಾರ ಅಂತಾರ. ಸಿಸ್ಟರ್ ಸಿಟ್ಟಿಗೆ ಬಂದು ಕುಂತಾರ.”

ಗುರುತನ್ನು ಅಚ್ಚಿನಲ್ಲಿ ಬಿಟ್ಟದ್ದರಿಂದ ಒಮ್ಮೆ ಎಡವಟ್ಟು, ಪತ್ರದಲ್ಲಿ ಬರೆದದ್ದರಿಂದ ಇನ್ನೊಮ್ಮೆ. ಹಣೆ ಒತ್ತಿಕೊಂಡು ಹೇಳಿದೆ: “ಬ್ಯಾಟರಿ ಹಚ್ಚಿ ಓದೀನಿ ಅಂತ್ರಿ ಅದು.”

ಹಿರಿಯರು ಅದನ್ನು ಪಕ್ಕದವರಿಗೆ ಕೂಗಿ ಹೇಳಿದ್ದು ಕೇಳಿಸಿತು. “ಅಷ್ಟ ಏನು! ಹಂಗಂತ ಪೂರಾ ಬರೀಬೇಕಲ್ರಿ. ಆತು, ನಾಳಿ ಅವರವ್ವನ್ನ ಅವರ ಕೈಗೇ ಕೊಡ್ತೇವಿ.”

ಸೋಮವಾರ ನಾನು ಹೋಗಲಿಲ್ಲ; ಮೊಣಕಾಲು ಬಾತಿತ್ತು. ಸಂಜೆ ನರ್ಸ್ ಫೋನು ಮಾಡಿ ಕೆಲಸ ಮುಗಿಯಿತೆಂದರು. ಹೊಸ ಜಾಗ ಎಲ್ಲಿ ಕೊಟ್ಟರೆಂದು ಕೇಳಿದೆ.

“ಬೇವಿನ ಬುಡದಾಗ ಕೇಳಿ ತಗೊಂಡೆ, ಆಕಿ ಮಗ್ಗಲದಾಗ. ಒಂದ ಸಲ ಬಗ್ಗಿದ್ರ ಇಬ್ಬರಿಗೂ ಹೂ ಇಡಬಹುದ್ರಿ. ನನಗೂ ಮೊಣಕಾಲ ನೋವಲ್ಲೇನು.”

ನನ್ನ ಬಳಿಯಿರುವ ಪಟ್ಟಿಯ ಪ್ರತಿಯಲ್ಲಿ ಆ ಸಾಲನ್ನು ತಿದ್ದಿದ್ದೇನೆ. ಅಂಕಿಯ ಮುಂದೆ ಈ ಸಲ ಗುರುತಿನ ಬದಲು ಪೂರ್ತಿ ಬರೆದಿದ್ದೇನೆ, ಬ್ಯಾಟರಿ ಹಚ್ಚಿ ಓದಿದ್ದು ಎಂದು. ಅಂಚಿನಲ್ಲಿ ಜಾಗ ಸಾಲದೆ ಅದು ಕೆಳಗಿನ ಸಾಲಿಗೆ, ಬೇವಿನ ಕೆಳಗಿನವಳ ಹೆಸರಿನ ಮೇಲಕ್ಕೆ ಹೋಗಿದೆ. ಬ್ಯಾಟರಿ ಮೇಜಿನ ಮೇಲಿದೆ. ಮುಚ್ಚಳವನ್ನು ಬಿಗಿಮಾಡಿಲ್ಲ, ಎತ್ತಿದರೆ ಗಡಗಡ ಎನ್ನುತ್ತದೆ. ಇನ್ನೂ ತೆರೆದು ನೋಡದ ಟಿಪ್ಪಣಿ ಪುಸ್ತಕಗಳು ಹದಿನೊಂದಿವೆ. ಅವುಗಳಲ್ಲಿ ‘ಬಿ’ ಎಷ್ಟಿವೆಯೋ ಎಣಿಸಬೇಕು.